ಬಲೆಗೆ ಬಿದ್ದ ಡಾಲ್ಫಿನ್, ದಡಕ್ಕೆ ಬಂದ ಡಾಲ್ಫಿನ್: ಕರಾವಳಿಯವರು ಮಾಡಬೇಕಾದದ್ದು, ಮಾಡಬಾರದ್ದು

ಕಾರವಾರ, ಗೋಕರ್ಣ, ಹೊನ್ನಾವರ, ಮಲ್ಪೆ ಕಡೆಗಳಲ್ಲಿ ದಡದಲ್ಲಿ ನಿಂತವರ ಕಣ್ಣಿಗೆ ಬೀಳುವ ಡಾಲ್ಫಿನ್ ಹೆಚ್ಚಾಗಿ ಒಂದೇ ಜಾತಿಯದು. ಸೀಸದ ಬಣ್ಣದ ಮೈ, ಬೆನ್ನಿನ ನಡುವೆ ಉದ್ದನೆಯ ದಿಬ್ಬ, ಆ ದಿಬ್ಬದ ಮೇಲೊಂದು ಪುಟ್ಟ ರೆಕ್ಕೆ. ಇದು ಹಿಂದೂ ಮಹಾಸಾಗರದ ಗೂನುಬೆನ್ನಿನ ಡಾಲ್ಫಿನ್. ಆಳ ಸಮುದ್ರ ಇದಕ್ಕೆ ಒಗ್ಗದು. ಸುಮಾರು 25 ಮೀಟರ್‌ಗಿಂತ ಕಡಿಮೆ ಆಳದ ನೀರಿನಲ್ಲಿ, ಅದರಲ್ಲೂ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯಂಥ ನದಿಗಳು ಕಡಲು ಸೇರುವ ಅಳಿವೆಗಳ ಆಸುಪಾಸಿನಲ್ಲಿ ಇದರ ಬದುಕು. ನಾಡದೋಣಿಗಳು ಬಲೆ ಬಿಡುವುದೂ, ಪ್ರವಾಸಿ ದೋಣಿಗಳು ಓಡಾಡುವುದೂ, ಊರಿನ ಕೊಳಚೆ ಬಂದು ಸೇರುವುದೂ ಇದೇ ನೀರಿನಲ್ಲಿ. ಅದರ ಕಷ್ಟವೆಲ್ಲ ಅಲ್ಲಿಂದಲೇ ಶುರು. 2017ರಿಂದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ಈ ಜಾತಿ 'ಅಪಾಯದಂಚಿನಲ್ಲಿರುವ' ವರ್ಗಕ್ಕೆ ಸೇರಿದೆ.

ಇದರ ಜೊತೆಗೆ ರೆಕ್ಕೆಯಿಲ್ಲದ ಪಾರ್ಪಾಯಿಸ್ ಎಂಬ ಇನ್ನೊಂದು ಪ್ರಾಣಿಯೂ ನಮ್ಮ ದಡಗಳಿಗೆ ಬಂದು ಬೀಳುತ್ತದೆ. ಗುಂಡು ತಲೆ, ಮುಂದೆ ಚಾಚಿದ ಮೂತಿಯಿಲ್ಲ, ಬೆನ್ನ ಮೇಲೆ ರೆಕ್ಕೆಯಿಲ್ಲ. ಪೂರ್ತಿ ಬೆಳೆದರೂ ಒಂದೂವರೆ ಮೀಟರ್ ಆಸುಪಾಸು. ಇದನ್ನು ಕಂಡವರು 'ಡಾಲ್ಫಿನ್ ಮರಿ' ಎಂದುಕೊಂಡು ತಾಯಿಯನ್ನು ಹುಡುಕುತ್ತ ಹೊತ್ತು ಕಳೆಯುವುದುಂಟು. ಬೆನ್ನಿನ ರೆಕ್ಕೆ ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ನಿಮ್ಮೆದುರಿಗಿರುವುದು ಬಹುಶಃ ಬೆಳೆದ ಪಾರ್ಪಾಯಿಸ್. ಮುಂದೆ ಹೇಳುವ ಕ್ರಮಗಳು ಎರಡಕ್ಕೂ ಒಂದೇ.

ಕೊಲ್ಲುವುದು ಬಲೆ

ಡಾಲ್ಫಿನ್‌ಗೆ ಎದುರಾಗುವ ಅಪಾಯಗಳನ್ನು ಪಟ್ಟಿ ಮಾಡುವವರು ಪ್ಲಾಸ್ಟಿಕ್‌ನಿಂದ ಶುರುಮಾಡುತ್ತಾರೆ. ಪ್ಲಾಸ್ಟಿಕ್ ಕೆಟ್ಟದ್ದೇ, ಆದರೆ ಮೊದಲ ಸ್ಥಾನ ಅದರದ್ದಲ್ಲ. ಬೇರೆ ಮೀನಿಗೆ ಹಾಕಿದ ಬಲೆಯಲ್ಲಿ, ಅದರಲ್ಲೂ ಗಿಲ್‌ನೆಟ್‌ನಲ್ಲಿ, ಸಿಕ್ಕಿ ಸಾಯುವುದೇ ದೊಡ್ಡ ಕಾರಣ. ನೀರಿನಲ್ಲಿ ಗೋಡೆಯಂತೆ ನಿಂತು ಮೀನಿನ ಕಿವಿರನ್ನು ಸಿಕ್ಕಿಸುವ ಬಲೆಯೇ ಗಿಲ್‌ನೆಟ್. ಹಿಂದೂ ಮಹಾಸಾಗರದ ಟ್ಯೂನಾ ಗಿಲ್‌ನೆಟ್‌ಗಳಲ್ಲೇ 1950ರಿಂದ 2018ರವರೆಗೆ ಸುಮಾರು 41 ಲಕ್ಷ ಸಣ್ಣ ತಿಮಿಂಗಿಲ-ಡಾಲ್ಫಿನ್‌ಗಳು ಸತ್ತಿರಬಹುದು ಎಂದು 2020ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ.

ಡಾಲ್ಫಿನ್ ಮೀನಲ್ಲ, ಅದಕ್ಕೆ ಶ್ವಾಸಕೋಶವಿದೆ. ನೆತ್ತಿಯ ಮೇಲಿನ ಉಸಿರುಗಂಡಿಯನ್ನು ನೀರಿನಿಂದ ಹೊರಗೆ ತಂದೇ ಉಸಿರಾಡಬೇಕು. ಡಾಲ್ಫಿನ್ ಶಬ್ದ ಹೊರಡಿಸಿ, ಅದರ ಮಾರ್ದನಿಯಿಂದ ಎದುರಿಗೆ ಏನಿದೆ ಎಂದು ತಿಳಿಯುತ್ತದೆ; ತೆಳು ನೈಲಾನ್ ನೂಲು ಆ ಮಾರ್ದನಿಗೆ ಸರಿಯಾಗಿ ಸಿಗುವುದಿಲ್ಲ. ಬಲೆಯಲ್ಲಿರುವ ಮೀನನ್ನು ಕೀಳಲು ಹೋದಾಗ ಮೂತಿಯೋ ಪಕ್ಕದ ರೆಕ್ಕೆಯೋ ಸಿಕ್ಕಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ಉರುಳಿದಷ್ಟೂ ಬಲೆ ಸುತ್ತಿಕೊಳ್ಳುತ್ತದೆ, ಕೆಲವೇ ನಿಮಿಷಗಳಲ್ಲಿ ಉಸಿರುಕಟ್ಟಿ ಸಾಯುತ್ತದೆ. ಗೂನುಬೆನ್ನಿನ ಡಾಲ್ಫಿನ್ ಮರಿ ಹಾಕುವ ವಯಸ್ಸಿಗೆ ಬರಲು ಸುಮಾರು ಹತ್ತು ವರ್ಷ ಬೇಕು. ಒಂದು ಬಸಿರಿಗೆ ಒಂದೇ ಮರಿ, ಎರಡು ಮರಿಗಳ ನಡುವೆ ಸುಮಾರು ಮೂರು ವರ್ಷ. ಹೀಗಿರುವಾಗ ಒಂದು ಅಳಿವೆಯ ಸಣ್ಣ ಗುಂಪಿನಲ್ಲಿ ವರ್ಷಕ್ಕೆ ಒಂದೆರಡು ಹೆಣ್ಣು ಬಲೆಗೆ ಹೋದರೂ ಆ ಗುಂಪು ಚೇತರಿಸಿಕೊಳ್ಳುವುದು ಕಷ್ಟ. ಆದ್ದರಿಂದ ಡಾಲ್ಫಿನ್ ಉಳಿಸುವ ಶಕ್ತಿ ಎಲ್ಲರಿಗಿಂತ ಹೆಚ್ಚಾಗಿ ಇರುವುದು ಬಲೆ ಹಿಡಿದ ಕೈಯಲ್ಲಿ.

ಬಲೆ ಬಿಡುವ ಮೊದಲು

ಬಲೆ ಬಿಡುವ ಜಾಗದಲ್ಲಿ ಹತ್ತು ನಿಮಿಷ ಎಂಜಿನ್ ಆರಿಸಿ ನೋಡಿ. ಡಾಲ್ಫಿನ್ ಗುಂಪು ಮೇಯುತ್ತಿದ್ದರೆ ಅದು ದಾಟಿ ಹೋಗುವವರೆಗೆ ಕಾಯುವುದು, ಇಲ್ಲವೇ ಜಾಗ ಬದಲಿಸುವುದು ಲಾಭದ ಮಾತೇ. ಒಂದು ಡಾಲ್ಫಿನ್ ಸಿಕ್ಕಿ ಒದ್ದಾಡಿದರೆ ಬಲೆ ಹರಿದು ಆಗುವ ನಷ್ಟ ಅರ್ಧ ಗಂಟೆಯ ಡೀಸೆಲ್‌ಗಿಂತ ಹೆಚ್ಚು.

ಗಿಲ್‌ನೆಟ್ ಬಿಟ್ಟು ಮನೆಗೆ ಹೋಗಿ ಬೆಳಗ್ಗೆ ಬರುವ ರೂಢಿಯೇ ಅತಿ ಅಪಾಯದ್ದು. ಬಲೆಯ ಹತ್ತಿರವೇ ಇದ್ದು ಬೇಗ ಬೇಗ ಎಳೆದರೆ ಸಿಕ್ಕಿದ್ದನ್ನು ಜೀವಂತ ಬಿಡುವ ಅವಕಾಶವಾದರೂ ಉಳಿಯುತ್ತದೆ. ಆಳದ ಟ್ಯೂನಾ ಬಲೆಗಳಿಗೆ ಇನ್ನೊಂದು ದಾರಿಯಿದೆ: ಬಲೆಯ ಮೇಲಂಚನ್ನು ನೀರಿನ ಮಟ್ಟದಿಂದ ಸುಮಾರು 2 ಮೀಟರ್ ಕೆಳಗೆ ನಿಲ್ಲಿಸುವುದು. ಅದಕ್ಕೆ ಫ್ಲೋಟ್‌ಗಳಿಂದ 2 ಮೀಟರ್ ಉದ್ದದ ಹಗ್ಗಗಳನ್ನು ಇಳಿಬಿಟ್ಟು ಮೇಲಂಚಿನ ಹಗ್ಗವನ್ನು ಅವುಗಳಿಗೆ ಕಟ್ಟಬೇಕು. ಪಾಕಿಸ್ತಾನದ ಮೀನುಗಾರರು ಇದನ್ನು ಅರಬ್ಬಿ ಸಮುದ್ರದಲ್ಲೇ ಮಾಡಿ ನೋಡಿದ್ದಾರೆ. ಡಾಲ್ಫಿನ್ ಸಾವು ಬಹಳಷ್ಟು ಇಳಿಯಿತು. ದಡದ ಹತ್ತಿರ ಐದಾರು ಮೀಟರ್ ಆಳದಲ್ಲಿ ಈ ಉಪಾಯ ನಡೆಯುವುದಿಲ್ಲ, ಬಲೆ ತಳಕ್ಕೇ ಬಂದುಬಿಡುತ್ತದೆ.

ಪಿಂಗರ್ ಎಂಬ ಶಬ್ದ ಮಾಡುವ ಸಾಧನವನ್ನು ಮಾರುವವರು ಸಿಗುತ್ತಾರೆ. ಪಾರ್ಪಾಯಿಸ್‌ಗಳನ್ನು ದೂರವಿಡಲು ಕೆಲವು ದೇಶಗಳಲ್ಲಿ ಅದು ನೆರವಾಗಿದೆ. ಆದರೆ ಬ್ಯಾಟರಿ ಮುಗಿದ ಪಿಂಗರ್ ಇರುವ ಕಡೆ ಬಲೆಯಲ್ಲಿ ಸದ್ದಿಲ್ಲದ ಕಿಂಡಿ ಬಿಡುತ್ತದೆ. ಜಾಣ ಜಾತಿಗಳು ಆ ಸದ್ದನ್ನೇ 'ಊಟದ ಗಂಟೆ' ಎಂದು ಕಲಿತುಬಿಡುವ ಅಪಾಯವೂ ಇದೆ. ವಿಜ್ಞಾನಿಗಳ ಜೊತೆ ಪ್ರಯೋಗವಾಗಿ ಹಾಕುವುದಾದರೆ ಸರಿ, ಒಬ್ಬೊಬ್ಬರೇ ದುಡ್ಡು ಸುರಿಯುವಂಥದ್ದಲ್ಲ.

ಬಲೆಯಲ್ಲಿ ಜೀವಂತ ಸಿಕ್ಕಿದರೆ

ಎಂಜಿನ್ ನ್ಯೂಟ್ರಲ್‌ಗೆ ಹಾಕಿ. ಬಲೆ ಎಳೆಯುವುದನ್ನು ನಿಲ್ಲಿಸಿ, ಬಿಗಿ ಸಡಿಲಿಸಿ. ಮೊದಲ ಕೆಲಸ ಬಲೆ ಬಿಡಿಸುವುದಲ್ಲ, ಉಸಿರುಗಂಡಿಯನ್ನು ನೀರಿನ ಮೇಲಿರಿಸುವುದು. ಪ್ರಾಣಿಯನ್ನು ದೋಣಿಯ ಪಕ್ಕಕ್ಕೆ ತಂದು, ಹೊಟ್ಟೆಯ ಕೆಳಗೆ ಅಗಲವಾದ ಬಟ್ಟೆಯನ್ನೋ ಬಲೆಯ ಸಡಿಲ ಮಡಿಕೆಯನ್ನೋ ಕೊಟ್ಟು ಇಬ್ಬರು ಹಿಡಿದುಕೊಳ್ಳಿ. ಬಾಲಕ್ಕೆ ಹಗ್ಗ ಬಿಗಿದು ವಿಂಚ್‌ನಲ್ಲಿ ಮೇಲೆತ್ತಬೇಡಿ. ತಲೆಕೆಳಗಾಗಿ ನೇತಾಡಿದಾಗ ಬಾಲದ ಬುಡದ ಎಲುಬಿನ ಕೀಲು ಕಳಚುತ್ತದೆ; ಅಂಥ ಪ್ರಾಣಿ ಈಜುತ್ತ ಹೋದಂತೆ ಕಂಡರೂ ಬದುಕುವುದಿಲ್ಲ.

ಕತ್ತರಿಸುವಾಗ ತಲೆಯ ಕಡೆಯಿಂದ ಶುರುಮಾಡಿ: ಮೂತಿ, ಆಮೇಲೆ ಪಕ್ಕದ ರೆಕ್ಕೆಗಳು, ಬೆನ್ನಿನ ರೆಕ್ಕೆ, ಕೊನೆಗೆ ಬಾಲ. ಬಾಲವನ್ನು ಮೊದಲೇ ಬಿಟ್ಟರೆ ಅರ್ಧ ಬಿಡಿಸಿದ ಬಲೆಯನ್ನು ಹೊತ್ತುಕೊಂಡೇ ಅದು ಹಾರುತ್ತದೆ. ತುದಿ ಮೊಂಡಾದ ಚಾಕು ಅಥವಾ ಕೊಕ್ಕೆಯಂತೆ ಬಾಗಿದ ಅಲಗು ಇರಲಿ, ಅಲಗಿನ ಬಾಯಿ ಯಾವಾಗಲೂ ಮೈಯಿಂದ ಹೊರಗೆ. ಚರ್ಮದೊಳಗೆ ಇಳಿದ ನೂಲನ್ನು ಎಳೆದು ಕೀಳಬೇಡಿ, ಎರಡೂ ಕಡೆ ಕತ್ತರಿಸಿ ಮೆಲ್ಲಗೆ ಜಾರಿಸಿ. ಬಿಡುವ ಮುನ್ನ ಒಬ್ಬರು ಮೈಯ ಸುತ್ತ ಕೈಯಾಡಿಸಿ ನೋಡಲಿ; ಬಾಲದ ಬುಡದಲ್ಲಿ ಒಂದೇ ಒಂದು ಸುತ್ತು ನೂಲು ಉಳಿದರೂ ಪ್ರಾಣಿ ಬೆಳೆದಂತೆ ಅದು ಮಾಂಸಕ್ಕೆ ಇಳಿಯುತ್ತ ಹೋಗುತ್ತದೆ. ಪ್ರೊಪೆಲ್ಲರ್ ನಿಂತಿದೆ ಎಂದು ಖಚಿತವಾದ ಮೇಲೆಯೇ, ದೋಣಿಯಿಂದ ಆಚೆಗೆ ಮುಖ ಮಾಡಿಸಿ ಬಿಡಿ.

ಮೀನಿನ ಗುಂಪನ್ನು ಸುತ್ತುವರಿದು ತಳ ಬಿಗಿಯುವ ಪರ್ಸೀನ್ ಬಲೆಯೊಳಗೆ ಡಾಲ್ಫಿನ್ ಗುಂಪು ಸಿಕ್ಕಿದ್ದರೆ ಬಲೆ ಪೂರ್ತಿ ಕಿರಿದಾಗುವ ಮೊದಲೇ ನಿರ್ಧಾರ ಮಾಡಿ. ಒಂದು ಕಡೆ ಫ್ಲೋಟ್ ಹಗ್ಗವನ್ನು ಹತ್ತು ಹದಿನೈದು ಮೀಟರ್ ಉದ್ದಕ್ಕೆ ನೀರೊಳಗೆ ಅದುಮಿ ಹಿಡಿದು ದಾರಿ ಮಾಡಿದರೆ, ಒಂದು ಹೊರಟ ಮೇಲೆ ಉಳಿದವು ಹಿಂಬಾಲಿಸುತ್ತವೆ. ಕೋಲಿನಿಂದ ನೀರು ಬಡಿದು ಓಡಿಸಲು ಹೋದರೆ ಅವು ಗಾಬರಿಯಾಗಿ ಬಲೆಯ ತಳಕ್ಕೇ ನುಗ್ಗುತ್ತವೆ. ದಡಕ್ಕೆ ಎಳೆಯುವ ಬಲೆಗಳಾದ ರಂಪಣಿ, ಕೈರಂಪಣಿಯಲ್ಲಿ ಕೆಲಸ ಸುಲಭ: ನೀರು ಸೊಂಟದ ಮಟ್ಟಕ್ಕಿರುವಾಗಲೇ ಮೇಲಿನ ಹಗ್ಗವನ್ನು ಕೆಳಗೊತ್ತಿ ದಾಟಿಸಬೇಕು. ಮರಳಿನವರೆಗೆ ಎಳೆದು ತಂದು ಆಮೇಲೆ ಎತ್ತಿ ಬಿಡೋಣ ಎಂದರೆ, ಮೀನಿನ ಭಾರದಡಿ ಅದು ಆಗಲೇ ನಜ್ಜಾಗಿರುತ್ತದೆ.

ಸತ್ತೇ ಬಂದಿದ್ದರೆ ಮುಚ್ಚಿಡುವುದೇ ರೂಢಿ. ಕಾರಣ ಭಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಡಾಲ್ಫಿನ್‌ಗಳು ಮೊದಲನೇ ಶೆಡ್ಯೂಲಿನಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ, ಇವೆ. 2022ರ ತಿದ್ದುಪಡಿಯ ನಂತರ ಅವುಗಳನ್ನು ಬೇಟೆಯಾಡಿದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಇದೇ ಭಯಕ್ಕೆ ಹೊಟ್ಟೆ ಸೀಳಿ ಕಲ್ಲು ಕಟ್ಟಿ ಮುಳುಗಿಸುವುದು, ಬಾಲ ಕತ್ತರಿಸಿ ಬಲೆ ಬಿಡಿಸುವುದು ನಡೆಯುತ್ತದೆ. ಹಾಗೆ ಕತ್ತರಿಸಿದ ದೇಹ ದಡಕ್ಕೆ ಬಂದರೆ ನೋಡುವವರಿಗೆ ಬೇಟೆಯಂತೆಯೇ ಕಾಣುತ್ತದೆ, ಅನುಮಾನ ಇನ್ನೂ ಹೆಚ್ಚುತ್ತದೆ. ದೋಣಿ ನಡೆಸುವ ತಾಂಡೇಲರು ಜಾಗ, ಹೊತ್ತು, ಆಳ, ಬಲೆಯ ಕಣ್ಣಿನ ಅಳತೆ ಬರೆದಿಟ್ಟು, ಫೋಟೋ ತೆಗೆದು, ಸಂಘದ ಮೂಲಕ ಮೀನುಗಾರಿಕಾ ಇಲಾಖೆಗೆ ತಿಳಿಸುವುದು ಲೇಸು. ಇದರಲ್ಲಿ ವ್ಯಾಪಾರದ ಲೆಕ್ಕವೂ ಇದೆ: ಕಡಲ ಸಸ್ತನಿಗಳನ್ನು ಕಾಪಾಡುವ ಕ್ರಮಗಳಿಲ್ಲದ ಮೀನುಗಾರಿಕೆಯ ಸರಕನ್ನು ಕೊಳ್ಳುವುದಿಲ್ಲ ಎಂಬ ನಿಯಮವನ್ನು ಅಮೆರಿಕ 2016ರಲ್ಲೇ ಮಾಡಿದೆ, ನಮ್ಮ ಸಿಗಡಿಗೆ ಅದು ದೊಡ್ಡ ಮಾರುಕಟ್ಟೆ. ಸಂರಕ್ಷಿತ ಪ್ರಾಣಿಯನ್ನು ಬಿಡಿಸಲು ಬಲೆ ಕತ್ತರಿಸಿದ ಮೀನುಗಾರನಿಗೆ ಮಹಾರಾಷ್ಟ್ರ 2018ರಿಂದ 25,000 ರೂಪಾಯಿವರೆಗೆ ಪರಿಹಾರ ಕೊಡುತ್ತಿದೆ. ಬಿಡಿಸುವಾಗಿನ ಫೋಟೋ ಅಥವಾ ವಿಡಿಯೊ ಅಲ್ಲಿ ಸಾಕ್ಷಿ. ನಮ್ಮ ಸಂಘಗಳು ಇಲಾಖೆಯ ಮುಂದಿಟ್ಟು ಮಾತಾಡಬಹುದಾದ ಮಾದರಿ ಅದು.

ದಡದಲ್ಲಿ ಜೀವಂತ ಬಿದ್ದಿದ್ದರೆ

ನೋಡಿದ ಕೂಡಲೇ ಎಲ್ಲರಿಗೂ ಹೊಳೆಯುವುದು ಒಂದೇ: 'ನೀರಿಗೆ ತಳ್ಳೋಣ.' ಬೇಡ. ಒಂಟಿಯಾಗಿ ದಡಕ್ಕೆ ಬರುವ ಡಾಲ್ಫಿನ್ ದಾರಿ ತಪ್ಪಿ ಬಂದದ್ದು ಅಪರೂಪ. ಹೆಚ್ಚಾಗಿ ಕಾಯಿಲೆ, ಬಲೆಯ ಗಾಯ, ನಿತ್ರಾಣ, ಇಲ್ಲವೇ ತಾಯಿ ಕಳೆದುಹೋದ ಮರಿ. ಮರಳಿನ ಮೇಲೆ ಬಿದ್ದಾಗ ಅದರ ಸ್ವಂತ ಭಾರವೇ ಶ್ವಾಸಕೋಶವನ್ನು, ಸ್ನಾಯುಗಳನ್ನು ಅದುಮುತ್ತಿರುತ್ತದೆ, ಕೈಕಾಲು ಜೋಮು ಹಿಡಿದಂತೆ ಒಂದು ಮಗ್ಗುಲು ಮರಗಟ್ಟಿರುತ್ತದೆ. ಅಂಥದ್ದನ್ನು ಅಲೆಗೆ ತಳ್ಳಿದರೆ ನೇರವಾಗಿ ತೇಲಲಾರದೆ ಉಸಿರುಗಂಡಿಗೆ ನೀರು ನುಗ್ಗಿ ಮುಳುಗುತ್ತದೆ, ಇಲ್ಲವೇ ನೂರು ಮೀಟರ್ ಆಚೆ ಮತ್ತೆ ದಡಕ್ಕೆ ಬರುತ್ತದೆ. ಜನ ಚಪ್ಪಾಳೆ ತಟ್ಟಿ ಕಳಿಸಿಕೊಟ್ಟ ಪ್ರಾಣಿ ಮರುದಿನ ಪಕ್ಕದ ಊರಿನ ಕಡಲತೀರದಲ್ಲಿ ಸತ್ತು ಸಿಗುವುದು ಹೀಗೆಯೇ.

ಮೊದಲು ಫೋನ್. ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926, ಕರಾವಳಿ ಕಾವಲು ಪೊಲೀಸ್ 1093, ಯಾವುದೂ ಸಿಗದಿದ್ದರೆ 112. ಜೀವ ಇದೆಯೋ ಇಲ್ಲವೋ, ಅಂದಾಜು ಉದ್ದ, ಬೆನ್ನಿನ ರೆಕ್ಕೆ ಇದೆಯೇ, ಗಾಯ ಇದೆಯೇ, ಹತ್ತಿರದವರೆಗೆ ವಾಹನ ಬರುತ್ತದೆಯೇ ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಿ. ವಾಟ್ಸಾಪ್ ಲೊಕೇಶನ್ ಕಳಿಸಿ. 'ದೇವಸ್ಥಾನದ ಹಿಂದಿನ ಬೀಚು' ಎಂದರೆ ಊರಿನವರಿಗೆ ಗೊತ್ತು, ಐವತ್ತು ಕಿಲೋಮೀಟರ್ ದೂರದಿಂದ ಬರುವ ಪಶುವೈದ್ಯರಿಗೆ ಗೊತ್ತಿಲ್ಲ.

ಅವರು ಬರುವವರೆಗೆ ಮಾಡುವ ಕೆಲಸ ಹೀಗೆ. ಜನರನ್ನು, ನಾಯಿಗಳನ್ನು ಕನಿಷ್ಠ 20 ಮೀಟರ್ ದೂರ ನಿಲ್ಲಿಸಿ. ಹಗ್ಗ ಕಟ್ಟಿದರೆ ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಹತ್ತಿರ ನಾಲ್ಕೈದು ಮಂದಿ ಸಾಕು. ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ, ಉಸಿರುಗಂಡಿಯ ಮೇಲೆ ಬಗ್ಗಿ ನೋಡಬೇಡಿ. ಅದರ ಉಸಿರಿನಿಂದ ಮನುಷ್ಯರಿಗೆ ಸೋಂಕು ತಗಲಬಹುದು, ನಮ್ಮದು ಅದಕ್ಕೂ ತಗಲಬಹುದು. ಬಾಲದ ಹತ್ತಿರ ಯಾರೂ ನಿಲ್ಲದಿರಲಿ. ನಿತ್ರಾಣವಾಗಿ ಮಲಗಿದ ಪ್ರಾಣಿ ಒಮ್ಮೆ ಬಾಲ ಬೀಸಿದರೆ ಕಾಲಿನ ಮೂಳೆ ಮುರಿಯುತ್ತದೆ.

ಮಗ್ಗುಲಾಗಿ ಬಿದ್ದಿದ್ದರೆ ಹೊಟ್ಟೆಯ ಮೇಲೆ ನೇರವಾಗಿ ಕೂರಿಸಿ. ಪಕ್ಕದ ರೆಕ್ಕೆ ಹಿಡಿದು ಎಳೆಯಬಾರದು, ಅದು ಭುಜದಿಂದ ಕಳಚುತ್ತದೆ. ಬೆನ್ನಿಗೆ, ಹೊಟ್ಟೆಗೆ ಕೈಕೊಟ್ಟು ನಿಧಾನ ಹೊರಳಿಸಿ. ಎರಡೂ ಪಕ್ಕದ ರೆಕ್ಕೆಗಳ ಕೆಳಗೆ ಮರಳು ತೋಡಿ ಗುಂಡಿ ಮಾಡಿ ಸಮುದ್ರದ ನೀರು ತುಂಬಿಸಿ. ರೆಕ್ಕೆಗೆ ಆಸರೆಯ ಒತ್ತಡ ತಪ್ಪುತ್ತದೆ, ಮೈಯ ಬಿಸಿಯೂ ಇಳಿಯುತ್ತದೆ. ಚರ್ಮದಡಿ ದಪ್ಪ ಕೊಬ್ಬಿನ ಪದರವಿರುವುದರಿಂದ ಡಾಲ್ಫಿನ್ ಬಿಸಿ ಕಳೆದುಕೊಳ್ಳುವುದು ಬಹುಪಾಲು ರೆಕ್ಕೆ ಮತ್ತು ಬಾಲದಿಂದಲೇ. ನೀರು ಹಾಕುವಾಗ ಅವುಗಳಿಗೆ ಮೊದಲ ಪಾಲು.

ತಿಳಿ ಬಣ್ಣದ ಹತ್ತಿಯ ಬಟ್ಟೆ ಬೇಕು. ಹಳೆ ಪಂಚೆ, ಬೆಡ್‌ಶೀಟ್ ಏನಾದರೂ ಸರಿ. ಸಮುದ್ರದ ನೀರಿನಲ್ಲಿ ಅದ್ದಿ ಮೈಮೇಲೆ ಹೊದಿಸಿ, ಉಸಿರುಗಂಡಿಯ ಸುತ್ತ ಒಂದು ಗೇಣು ಖಾಲಿ ಬಿಡಿ. ಚೊಂಬಿನಿಂದ ಬಟ್ಟೆಯ ಮೇಲೆ ಸುರಿಯಿರಿ, ನೆತ್ತಿಯ ಮೇಲೆ ಒಂದು ಹನಿಯೂ ಬೀಳಬಾರದು. ನಾಲ್ಕು ಕೋಲು ನೆಟ್ಟು ಟಾರ್ಪಾಲಿನ ನೆರಳು ಕಟ್ಟಿ. ಐಸ್ ಬೇಡ. ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ ಬೇಡ, ಎಣ್ಣೆ ಚರ್ಮವನ್ನು ಬಿಸಿಲಿಗೆ ಹುರಿಯುತ್ತದೆ. ಬಾಯಿಗೆ ನೀರು, ಮೀನು ಬೇಡವೇ ಬೇಡ. ಕಣ್ಣಿನಿಂದ ಅಂಟಂಟಾಗಿ ಸುರಿಯುವುದು ಕಣ್ಣನ್ನು ಉಪ್ಪುನೀರಿನಿಂದ ಕಾಯುವ ಲೋಳೆ, ಅಳುವಲ್ಲ. ಬಾಯಿಯ ಆಕಾರ ನಗುವಲ್ಲ. ಮುದ್ದಾಡಿ ಸಮಾಧಾನಪಡಿಸುವ ಕೈಗಳು ಅದಕ್ಕೆ ಬೇಟೆಗಾರನ ಕೈಗಳಂತೆಯೇ.

ಒಬ್ಬರು ಉಸಿರು ಎಣಿಸುತ್ತ ಕೂರಲಿ. ಒಂದೇ ನಿಮಿಷ ನೋಡಿದರೆ ಲೆಕ್ಕ ತಪ್ಪುತ್ತದೆ. ಐದು ನಿಮಿಷ ಎಣಿಸಿ ಐದರಿಂದ ಭಾಗಿಸಿ. ನಿಮಿಷಕ್ಕೆ 2ರಿಂದ 5 ಸಾಮಾನ್ಯ, 10 ದಾಟಿದರೆ ತೀವ್ರ ಸಂಕಟ. ಹದಿನೈದು ನಿಮಿಷಕ್ಕೊಮ್ಮೆ ಹೊತ್ತು ಸಮೇತ ಬರೆದಿಡಿ. ಪಶುವೈದ್ಯರಿಗೆ ನೀವು ಕೊಡಬಹುದಾದ ಅತ್ಯಂತ ಬೆಲೆಬಾಳುವ ಕಾಗದ ಅದು.

ನೀರಿಗೆ ಬಿಡುವ ನಿರ್ಧಾರ ಅವರದ್ದು. ಬಿಡುವುದಾದರೆ ಎಳೆಯುವಂತಿಲ್ಲ. ದಪ್ಪ ಟಾರ್ಪಾಲನ್ನು ಸುರುಳಿ ಸುತ್ತಿ ಪ್ರಾಣಿಯ ಪಕ್ಕಕ್ಕಿಟ್ಟು, ಮೆಲ್ಲಗೆ ಹೊರಳಿಸಿ ಅದರಡಿ ಹಾಯಿಸಿ, ಎರಡೂ ಅಂಚು ಸುತ್ತಿ ಹಿಡಿದು ಎತ್ತಬೇಕು. ಬೆಳೆದ ಗೂನುಬೆನ್ನಿನ ಡಾಲ್ಫಿನ್ 200 ಕಿಲೋ ದಾಟುವುದುಂಟು, ಎಂಟು ಹತ್ತು ಗಟ್ಟಿ ಆಳು ಬೇಕು. ಸೊಂಟದ ಮಟ್ಟದ ನೀರಿನಲ್ಲಿ ತಲೆಯನ್ನು ಕಡಲಿಗೆ ತಿರುಗಿಸಿ, ಹೊಟ್ಟೆಗೆ ಆಸರೆ ಕೊಟ್ಟು, ತೊಟ್ಟಿಲು ತೂಗಿದಂತೆ ಅತ್ತಿತ್ತ ತೂಗುತ್ತ ಮರಗಟ್ಟಿದ ಮೈ ಸಡಿಲವಾಗುವವರೆಗೆ ನಿಲ್ಲಬೇಕು. ಇದಕ್ಕೆ ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ತಾನಾಗಿ ನೇರ ನಿಂತು, ತಾನಾಗಿ ಮೇಲೆ ಬಂದು ಉಸಿರಾಡಿದ ಮೇಲಷ್ಟೇ ಕೈಬಿಡಿ. ತಾಯಿ-ಮರಿ ಇದ್ದರೆ ಎರಡನ್ನೂ ಒಟ್ಟಿಗೇ. ಮಳೆಗಾಲದ ದೊಡ್ಡ ಅಲೆಯಲ್ಲಿ ಈ ಕೆಲಸಕ್ಕೆ ಇಳಿಯಬೇಡಿ, ಮನುಷ್ಯರೇ ಮುಳುಗುತ್ತಾರೆ.

ಸತ್ತು ಬಿದ್ದಿದ್ದರೆ

ಮಳೆಗಾಲದಲ್ಲಿ, ಅದರ ಬೆನ್ನಿಗೇ ಬರುವ ತಿಂಗಳುಗಳಲ್ಲಿ ಇದು ಹೆಚ್ಚು. ಗಾಳಿ ದಡದ ಕಡೆಗೆ ಬೀಸುತ್ತದೆ. ವಾಸನೆಯಿಂದ ಕಂಗೆಟ್ಟು ಜೆಸಿಬಿ ತರಿಸಿ ಹೂಳುವ ಮೊದಲು ಇಲಾಖೆಗೆ ತಿಳಿಸಿ. ಸಾವಿನ ಕಾರಣ ಹೇಳಬಲ್ಲದ್ದು ಆ ದೇಹ ಮಾತ್ರ, ಅದೂ ಮೊದಲ ದಿನದಲ್ಲಿ ಹೆಚ್ಚು.

ಫೋಟೋಗಳು ಹೀಗಿರಲಿ: ಇಡೀ ದೇಹ ಒಂದು ಪಕ್ಕದಿಂದ, ಕ್ಯಾಮೆರಾ ನೆಲದ ಮಟ್ಟಕ್ಕೆ, ತಲೆ, ಬೆನ್ನಿನ ರೆಕ್ಕೆ, ಬಾಲ, ಹೊಟ್ಟೆಯ ಅಡಿಭಾಗ. ಹೊಟ್ಟೆಯ ಫೋಟೋ ಬಹಳ ಮಂದಿ ಬಿಡುತ್ತಾರೆ, ಗಂಡೋ ಹೆಣ್ಣೋ ತಿಳಿಯುವುದು ಅದರಿಂದಲೇ. ಪಕ್ಕದಲ್ಲಿ ಅಳತೆಪಟ್ಟಿ, ಅದಿಲ್ಲದಿದ್ದರೆ ಚಪ್ಪಲಿಯಾದರೂ ಇರಲಿ. ಉದ್ದವನ್ನು ಮೇಲಿನ ದವಡೆಯ ತುದಿಯಿಂದ ಬಾಲದ ನಡುವಿನ ಕಚ್ಚಿನವರೆಗೆ ನೇರ ಗೆರೆಯಲ್ಲಿ ಅಳೆಯಿರಿ. ಮೈಯ ಉಬ್ಬಿನ ಮೇಲೆ ಟೇಪು ಹಾಯಿಸಿದರೆ ಅಳತೆ ಹೆಚ್ಚು ಬರುತ್ತದೆ. ಮೂತಿ, ರೆಕ್ಕೆಯ ಅಂಚುಗಳಲ್ಲಿ ತೆಳುವಾದ ನೇರ ಗೀರುಗಳಿದ್ದರೆ ಬಲೆಯ ಗುರುತು. ಸಮಾನ ಅಂತರದಲ್ಲಿ ಸಾಲಾಗಿ ಬಾಗಿದ ಕೊಯ್ತಗಳಿದ್ದರೆ ಪ್ರೊಪೆಲ್ಲರ್. ಇವುಗಳನ್ನು ಹತ್ತಿರದಿಂದ ತೆಗೆಯಿರಿ. ಹಲ್ಲು, ಎಲುಬು ನೆನಪಿಗೆಂದು ಒಯ್ಯುವುದು ಅಪರಾಧ.

ದೋಣಿಯಲ್ಲಿ ಡಾಲ್ಫಿನ್ ನೋಡಲು ಹೋದಾಗ

'ಹತ್ತಿರ ಒಯ್ಯಿ, ಇನ್ನೂ ನೂರು ರೂಪಾಯಿ ಕೊಡುತ್ತೇನೆ' ಎನ್ನುವ ಪ್ರವಾಸಿಯೇ ತೊಂದರೆಯ ಮೂಲ. ದೋಣಿಯವರು ಬೆನ್ನಟ್ಟುವುದು ಆ ಮಾತಿಗೆ. 50 ಮೀಟರ್‌ಗಿಂತ ಹತ್ತಿರ ಬೇಡ, ಮರಿ ಇದ್ದರೆ 100. ಎದುರಿನಿಂದಲೂ ಬೇಡ, ಹಿಂದಿನಿಂದಲೂ ಬೇಡ. ಪಕ್ಕದಲ್ಲಿ, ಅವು ಹೋಗುವ ದಿಕ್ಕಿಗೇ, ನಡೆಯುವ ವೇಗದಲ್ಲಿ. ಒಂದು ಗುಂಪಿನ ಹತ್ತಿರ ಎರಡು ದೋಣಿ, ಇಪ್ಪತ್ತು ನಿಮಿಷ, ಅಷ್ಟಕ್ಕೆ ಮುಗಿಸಿ. ಅವಾಗಿಯೇ ಹತ್ತಿರ ಬಂದರೆ ಎಂಜಿನ್ ನ್ಯೂಟ್ರಲ್‌ನಲ್ಲಿರಲಿ. ಗುಂಪು ಒತ್ತೊತ್ತಾಗಿ ಸೇರುವುದು, ಬಾಲದಿಂದ ನೀರಿಗೆ ಪಟಪಟ ಬಡಿಯುವುದು, ಹೆಚ್ಚು ಹೊತ್ತು ಮುಳುಗಿ ದೂರದಲ್ಲಿ ಏಳುವುದು, ತಾಯಿ ಮರಿಗೂ ದೋಣಿಗೂ ನಡುವೆ ಬರುವುದು, ಇವು 'ಹೋಗಿ' ಎಂಬ ಮಾತು. ಬಿಸ್ಕತ್ತು, ಮೀನು ಎಸೆಯಬೇಡಿ. ದೋಣಿಯಿಂದ ತಿಂಡಿ ಸಿಗುತ್ತದೆ ಎಂದು ಕಲಿತ ಡಾಲ್ಫಿನ್ ಪ್ರೊಪೆಲ್ಲರ್‌ಗೆ ಹೆದರುವುದನ್ನು ಮರೆಯುತ್ತದೆ.

ಸೆರೆಯಲ್ಲಿಟ್ಟ ಡಾಲ್ಫಿನ್‌ಗಳ ಪ್ರದರ್ಶನಕ್ಕೆ ಭಾರತ 2013ರಲ್ಲೇ ಅನುಮತಿ ನಿಲ್ಲಿಸಿದೆ. ಕೊಲ್ಲಿಗೆ, ಆಗ್ನೇಯ ಏಷ್ಯಾಕ್ಕೆ ಪ್ರವಾಸ ಹೋದಾಗ ಪ್ಯಾಕೇಜಿನಲ್ಲಿ ಡಾಲ್ಫಿನ್ ಶೋ ಸೇರಿದೆಯೇ ನೋಡಿ, ಸೇರಿದ್ದರೆ ತೆಗೆಸಿ.

ಘಟ್ಟದ ಮೇಲಿರುವವರು

ಬೆಂಗಳೂರಿನಲ್ಲಿ ಕೂತು ಮಾಡಬಹುದಾದದ್ದೂ ಇದೆ, ಆದರೆ ಅದು ಮೀನಿನ ಅಂಗಡಿಯಲ್ಲಿ. ಬೂತಾಯಿ, ಬಂಗುಡೆ ಡಾಲ್ಫಿನ್‌ನ ಊಟವೂ ಹೌದು. ಬಂಗುಡೆ 14 ಸೆಂ.ಮೀ., ಬೂತಾಯಿ 10 ಸೆಂ.ಮೀ. ಇಲ್ಲದಿದ್ದರೆ ಅದು ಇನ್ನೂ ಮರಿ, ಕೇರಳದಲ್ಲಿ ಅದನ್ನು ಹಿಡಿಯುವಂತೆಯೇ ಇಲ್ಲ. ಕೈ ಬೆರಳಿನಿಂದ ಅಳೆದು ನೋಡಿ ಬೇಡವೆನ್ನಿ. ಗಾಳ ಹಾಕುವ ಹವ್ಯಾಸದವರು ತುಂಡಾದ ನೈಲಾನ್ ನೂಲನ್ನು ಅಳಿವೆಗೆ ಎಸೆಯದೆ ಸುತ್ತಿ ಜೇಬಿಗೆ ಹಾಕಿಕೊಳ್ಳಲಿ. ಬಂದರಿನಲ್ಲಿ ಬಲೆ ಹೊಲಿಯುವವರು ಕತ್ತರಿಸಿದ ಚೂರುಗಳಿಗೆ ಒಂದು ಗೋಣಿಚೀಲ ಕಟ್ಟಿಟ್ಟರೆ ಸಾಕು. ಕಡಲಿಗೆ ಬಿದ್ದ ನೈಲಾನ್ ಬಲೆ ಯಜಮಾನನಿಲ್ಲದೆಯೂ ಮೀನು ಹಿಡಿಯುತ್ತಲೇ ಇರುತ್ತದೆ. ಆ ಮೀನಿಗೆ ಬಾಯಿಹಾಕಲು ಡಾಲ್ಫಿನ್ ಬರುತ್ತದೆ, ಬಿಡಿಸಲು ಆಗ ಪಕ್ಕದಲ್ಲಿ ಯಾವ ದೋಣಿಯೂ ಇರುವುದಿಲ್ಲ.